ಚಪ್ಪರದಡಿ ಕಳೆದ ಲಿಂಗ

ಚಿಗಪ್ಪ ದ್ರಾಕ್ಷಿ ತೋಟಗಳಿಗೆ ಹೋಗುತ್ತಿದ್ದದ್ದು ಸೈಕಲ್ಲಿನಲ್ಲಿ. ಮೊಪೆಡ್ಡು ಕೊಳ್ಳುವ ಶಕ್ತಿ ಇರಲಿಲ್ಲವೆಂದಲ್ಲ. ಗಾಡಿಯ ಸದ್ದು ಕೇಳಿದ ಕೂಡಲೇ ತೋಟದ ಯಜಮಾನ ಓಡಿ ಬಂದು, ಚೆನ್ನಾಗಿ ಹಣ್ಣಾದ ಸಾಲಿಗೇ ಕರೆದುಕೊಂಡು ಹೋಗಿ ನಿಲ್ಲಿಸುತ್ತಾನೆ ಎಂಬುದು ಅವನ ತಕರಾರು. ಸೈಕಲ್ಲಾದರೆ ಸದ್ದಿಲ್ಲದೆ ಹೋಗಿ ಬೇಲಿ ಪಕ್ಕದ ಸಾಲಿಗೆ ನುಗ್ಗಿ, ಗೊಂಚಲಿನ ತುದಿಯ ಹಣ್ಣು ಕಿತ್ತು ಬಾಯಿಗೆ ಹಾಕಿಕೊಳ್ಳಬಹುದು. ಗೊಂಚಲಿನಲ್ಲಿ ಮೇಲಿನ ಹಣ್ಣು ಮೊದಲು ಸಿಹಿಯಾಗುತ್ತದೆ, ತುದಿಯದು ಕಡೆಗೆ. ತುದಿಯ ಹಣ್ಣಿಗೆ ಸಿಹಿ ಬಂದರೆ ತೋಟ ಕೊಯ್ಲಿಗೆ ಬಂತು ಎಂದು ಅರ್ಥ. ಹೀಗೆ ರುಚಿ ನೋಡಿ, ಯಾವ ತೋಟವನ್ನು ಯಾವಾಗ ಕೊಯ್ಯಬಹುದೆಂದು ಪೇಟೆಯ ಹಣ್ಣಿನ ವ್ಯಾಪಾರಿಗಳಿಗೆ ತಿಳಿಸುವುದೇ ಅವನ ಕೆಲಸವಾಗಿತ್ತು.

ಚಿಗಪ್ಪ ಎಂದರೆ ನಮ್ಮಪ್ಪನ ತಮ್ಮ. ಅಪ್ಪ ನೌಕರಿ ಹಿಡಿದು ದಾವಣಗೆರೆ ಸೇರಿದ. ಚಿಗಪ್ಪ ಕೊಟ್ಟೂರಿನಲ್ಲೇ ಉಳಿದ. ಮಕ್ಕಳಿರಲಿಲ್ಲ. ಹೆಂಡತಿ, ನಮ್ಮ ಚಿಗವ್ವ, ಹೃದಯದ ಕಾಯಿಲೆಯಿಂದ ತೀರಿಕೊಂಡು ಕೆಲವು ವರ್ಷಗಳಾಗಿದ್ದವು. ತೊಂಬತ್ತರ ದಶಕದ ಕೊನೆಯ ಒಂದು ಮಾಗಿಯಲ್ಲಿ ನಾನು ಬಿ.ಎಡ್. ಮುಗಿಸಿ, ಕೆಲಸದ ಕರೆ ಕಾಯುತ್ತಾ, ಮನೆಯಲ್ಲಿ ಕಂಡಕಂಡವರ ಮೇಲೆ ಹರಿಹಾಯುತ್ತಾ ಕೂತಿದ್ದೆ. ಅವ್ವ ಬೇಸತ್ತು, ಸ್ವಲ್ಪ ದಿನ ಕೊಟ್ಟೂರಿಗಾದರೂ ಹೋಗು ಎಂದು ಬಸ್ಸು ಹತ್ತಿಸಿದಳು. ಅಲ್ಲಿಗೆ ಹೋದಾಗ ಚಿಗಪ್ಪ ತೋಟದ ತಿರುಗಾಟಕ್ಕೆ ಹೊರಟು ನಿಂತಿದ್ದ. ನಾನೂ ಬರುತ್ತೇನೆ ಎಂದು ಹಟ ಹಿಡಿದೆ. ಪಕ್ಕದ ಮನೆಯ ಲೇಡೀಸ್ ಸೈಕಲ್ ಕೇಳಿ ತಂದು, ಅದರ ಚೈನಿಗೆ ಎಣ್ಣೆ ಬಿಟ್ಟು, "ನಡೀ ಹಂಗಾರ, ನಿನ್ನ ಸಿಟ್ಟು ಏರಿನಾಗ ಇಳೀತೈತಿ" ಎಂದ.

ಈಗ ಯಾರಾದರೂ ಪರದೇಶದ ದ್ರಾಕ್ಷಿ ಸೀಮೆಯಲ್ಲಿ ಸೈಕಲ್ ತುಳಿದ ಫೋಟೊ ತೋರಿಸಿ, ಅಲ್ಲಿ ತೋಟ ತೋಟಕ್ಕೂ ಒಂದೊಂದು ಲೋಟ ವೈನ್ ಕೊಡುತ್ತಾರೆ ಎಂದರೆ ನನಗೆ ನಗು ಬರುತ್ತದೆ. ನಮಗೆ ತೋಟ ತೋಟಕ್ಕೂ ಸಿಕ್ಕಿದ್ದು ಮಜ್ಜಿಗೆ. ಕೊಟ್ಟೂರಿನಿಂದ ಹಗರಿಬೊಮ್ಮನಹಳ್ಳಿಯ ಕಡೆಗೆ, ಅಲ್ಲಿಂದ ಹಂಪಸಾಗರದ ಕಡೆಗೆ, ಆಮೇಲೆ ಹಡಗಲಿ ಸೀಮೆ ಮುಟ್ಟಿ ತಿರುಗಿ ಬರುವುದೆಂದು ನಮ್ಮ ಲೆಕ್ಕ. ಕೆಂಪು ಮಣ್ಣಿನ ದಾರಿ, ಜೋಳದ ಹೊಲ, ನಡುವೆ ಇದ್ದಕ್ಕಿದ್ದಂತೆ ಕಲ್ಲುಕಂಬಗಳ ಮೇಲೆ ತಂತಿ ಬಿಗಿದು ಬೆಳೆಸಿದ ದ್ರಾಕ್ಷಿ ಚಪ್ಪರ. ಒಳಗೆ ಕಾಲಿಟ್ಟರೆ ಹೊರಗಿನ ಬಿಸಿಲು ಮರೆತೇ ಹೋಗುತ್ತಿತ್ತು. ನಾನು ಎತ್ತರದವಳಲ್ಲ, ನೆಟ್ಟಗೆ ನಡೆಯುತ್ತಿದ್ದೆ. ಚಿಗಪ್ಪ ಮಾತ್ರ ಬೆನ್ನು ಬಗ್ಗಿಸಿಯೇ ಓಡಾಡಬೇಕಿತ್ತು. ತಂತಿಯ ಕೊನೆಗಳು ಅಂಗಿಗೆ ಸಿಕ್ಕಿ ಸಿಕ್ಕಿ ಅವನ ಅಂಗಿಯ ಹೆಗಲೆಲ್ಲ ಹರಿದಿತ್ತು.

ರಾತ್ರಿ ಯಾವುದಾದರೂ ತೋಟದ ಮನೆಯಲ್ಲಿ ಉಳಿಯುತ್ತಿದ್ದೆವು. ಬೆಳಿಗ್ಗೆ ಪಂಪ್‌ಸೆಟ್ಟಿನ ನೀರಿನಲ್ಲಿ ಸ್ನಾನ ಮಾಡಿ, ಕೊರಳಿನ ಲಿಂಗವನ್ನು ಎಡಗೈ ಮೇಲಿಟ್ಟುಕೊಂಡು ಪೂಜೆ ಮಾಡುವ ತನಕ ಚಿಗಪ್ಪ ಬಾಯಿಗೆ ನೀರೂ ಹಾಕುತ್ತಿರಲಿಲ್ಲ. ನನ್ನ ಲಿಂಗ ದಾವಣಗೆರೆಯ ಮನೆಯ ದೇವರ ಗೂಡಿನಲ್ಲಿತ್ತು. ಹಬ್ಬ ಬಂದಾಗಷ್ಟೇ ಅದು ಕೊರಳಿಗೆ ಬರುತ್ತಿದ್ದದ್ದು. ನಾನು ಎದ್ದ ಕೂಡಲೇ ಚಹಾಕ್ಕೆ ಕೈ ಚಾಚಿದರೆ, "ಏನವ್ವಾ, ನಿನ್ನ ದೇವ್ರು ರಜಾದ ಮ್ಯಾಲೆ ಅದಾನೇನು?" ಎಂದು ಕಾಲೆಳೆಯುತ್ತಿದ್ದ. ಅವನಿಗೆ ದೇವರ ಬಗ್ಗೆ ಉಪದೇಶ ಮಾಡುವ ಚಟ ಇರಲಿಲ್ಲ. ತನ್ನ ಪಾಡಿಗೆ ತಾನು ಮಾಡುತ್ತಿದ್ದ. ಬೇರೆ ಗಂಡಸರು ಲಿಂಗವನ್ನು ಬೆಳ್ಳಿಯ ಕರಡಿಗೆಯಲ್ಲಿ ಹಾಕಿಕೊಂಡರೆ ಇವನು ಬಿಳಿ ಬಟ್ಟೆಯಲ್ಲಿ ಸುತ್ತಿ ದಾರಕ್ಕೆ ಕಟ್ಟಿಕೊಂಡಿದ್ದ. ಯಾಕೆ ಎಂದು ಕೇಳಿದ್ದೆ. ಬೆಳ್ಳಿ ಭಾರ ಎಂದಿದ್ದ.

ಹಗರಿಬೊಮ್ಮನಹಳ್ಳಿಯ ಸುತ್ತಿನ ತೋಟಗಳನ್ನು ನೋಡಿದ ದಿನ ಸಂಜೆ ಅದು ಕಳೆಯಿತು. ಕೊನೆಯ ತೋಟದ ಪಂಪ್‌ಸೆಟ್ಟಿನ ಹತ್ತಿರ ಮುಖ ತೊಳೆಯಲು ಅಂಗಿ ಬಿಚ್ಚಿದವನು ಎದೆಯ ಮೇಲೆ ಕೈಯಿಟ್ಟು ಹಾಗೇ ನಿಂತುಬಿಟ್ಟ. ಕೊರಳಲ್ಲಿ ಹರಿದ ದಾರದ ಎರಡು ತುದಿಗಳು ಜೋತಾಡುತ್ತಿದ್ದವು. ಬಟ್ಟೆಯ ಗಂಟು ಇರಲಿಲ್ಲ. ಅಂಗಿ ಕೊಡವಿದ, ಧೋತರದ ಮಡಿಕೆ ಬಿಚ್ಚಿ ನೋಡಿದ, ಕಾಲಡಿಯ ಮಣ್ಣನ್ನು ಕೈಯಿಂದ ಬಳಿದ. ಆ ತೋಟದ ಅಕ್ಕ ಅಡುಗೆ ಬಿಟ್ಟು ಓಡಿ ಬಂದಳು. ಮೂವರೂ ಸೇರಿ ಕಣ್ಣು ಕಾಣುವ ತನಕ ಸಾಲು ಸಾಲು ಹುಡುಕಿದೆವು.

"ಸಿಕ್ಕೇ ಸಿಗತೈತಿ ತಗೋರಿ. ಊಟಕ್ಕ ಏಳ್ರಿ," ಎಂದಳು ಅಕ್ಕ.

"ನೀವು ಉಣ್ರಿ ಯವ್ವಾ. ನನಗ ಬ್ಯಾಡ," ಎಂದ ಚಿಗಪ್ಪ. ಆಕೆ ಮತ್ತೆ ಒತ್ತಾಯ ಮಾಡಲಿಲ್ಲ. ಅದು ಯಾಕೆ ಬೇಡ ಎನ್ನುವುದು ಆಕೆಗೆ ಗೊತ್ತಿತ್ತು.

ಗೊತ್ತಿಲ್ಲದವರಿಗೆ ಹೇಳಬೇಕು. ನಮ್ಮಲ್ಲಿ ಕೂಸಿಗೇ ಲಿಂಗ ಕಟ್ಟುತ್ತಾರೆ. ಅದು ಬದುಕಿರುವ ತನಕ ಕೊರಳಲ್ಲಿ. ಸತ್ತಾಗ ಎಡಗೈಯಲ್ಲಿಟ್ಟು, ಕೂರಿಸಿ, ಮಣ್ಣು ಮಾಡುತ್ತಾರೆ. ಕಳೆದುಹೋದರೆ ಸಿಗುವ ತನಕ ಉಣ್ಣುವಂತಿಲ್ಲ ಎಂದು ಹಳಬರ ಕಟ್ಟು. ನಮ್ಮ ಕಾಲಕ್ಕೆ ಅದನ್ನು ಯಾರೂ ಅಷ್ಟು ಬಿಗಿಯಾಗಿ ಹಿಡಿಯುತ್ತಿರಲಿಲ್ಲ. ಮಠದ ಅಯ್ಯನವರ ಹತ್ತಿರ ಹೋಗಿ ಇನ್ನೊಂದು ಕಟ್ಟಿಸಿಕೊಂಡು ಬಂದು ಉಣ್ಣುತ್ತಿದ್ದರು. ಚಿಗಪ್ಪನೂ ಬೆಳಿಗ್ಗೆ ಹಾಗೇ ಮಾಡುತ್ತಾನೆ ಎಂದುಕೊಂಡು ನಾನು ರೊಟ್ಟಿ ತಿಂದು ಮಲಗಿದೆ.

ಬೆಳಿಗ್ಗೆ ಅವನು ಸೈಕಲ್ಲನ್ನು ಹಿಂದಕ್ಕೆ ತಿರುಗಿಸಿದ. ಹಿಂದಿನ ದಿನ ಹೋದ ತೋಟಗಳಿಗೆಲ್ಲ ಮತ್ತೆ ಹೋದೆವು. ಒಂದು ತೋಟಕ್ಕೆ ನೀರು ಹಾಯಿಸಿಬಿಟ್ಟಿದ್ದರು, ಕಾಲಿಟ್ಟರೆ ಕೆಸರು. ಇನ್ನೊಂದರಲ್ಲಿ ಉದುರಿದ ಎಲೆ ಪಾದ ಮುಚ್ಚುವಷ್ಟಿತ್ತು. ಕೆಲಸದ ಹೆಣ್ಣುಮಕ್ಕಳು ತಮ್ಮ ಕೆಲಸ ಬಿಟ್ಟು ಸೆರಗು ಸಿಕ್ಕಿಸಿಕೊಂಡು ಬಗ್ಗಿದರು. ಚಿಗಪ್ಪ ಮೊಣಕಾಲೂರಿ ಎಲೆ ಸರಿಸುತ್ತಾ ಸಾಲಿನ ಈ ಕೊನೆಯಿಂದ ಆ ಕೊನೆಗೆ ತೆವಳಿದ. ಯಾವ ತೋಟದಲ್ಲಿ ಹಣ್ಣು ನೋಡಲು ಬಂದಾಗ ಯಜಮಾನರು ಎದ್ದು ನಿಲ್ಲುತ್ತಿದ್ದರೋ ಆ ತೋಟದ ಕೆಸರಿನಲ್ಲಿ ಅವನು ಹಾಗೆ ತೆವಳುವುದನ್ನು ನೋಡಲು ನನಗಾಗಲಿಲ್ಲ. ಹೊರಗೆ ಬಂದು ಸೈಕಲ್ ಹತ್ತಿರ ಕೂತೆ.

ಎಲ್ಲೂ ಸಿಗಲಿಲ್ಲ. ಅಷ್ಟಾದರೂ ಅವನು ಊರಿಗೆ ಹೊರಡಲಿಲ್ಲ. ಹಂಪಸಾಗರದ ದಾರಿಯ ತೋಟದವರಿಗೆ ಬರುತ್ತೇನೆಂದು ಹೇಳಿಯಾಗಿತ್ತು, ಹಣ್ಣು ಯಾರಿಗೂ ಕಾಯುವುದಿಲ್ಲ ಎಂದ. ಹೋದೆವು. ಅಲ್ಲಿಯ ಯಜಮಾನ ಗೊಂಚಲು ಎತ್ತಿ ಹಿಡಿದು, "ಒಂದು ಬಾಯಾಗ ಹಾಕ್ಕೊಂಡು ಹೇಳ್ರಿ ಮತ್ತ," ಎಂದ.

ಚಿಗಪ್ಪ ನನ್ನ ಕಡೆ ತಿರುಗಿದ. "ಇವತ್ತು ಈಕಿ ನೋಡ್ತಾಳ."

ತಮಾಷೆ ಎಂದುಕೊಂಡೆ. ಅಲ್ಲ. ಅವನು ತುದಿಯ ಹಣ್ಣು ಕಿತ್ತು ನನ್ನ ಅಂಗೈಗೆ ಹಾಕಿದ. ಬಾಯಿಗೆ ಹಾಕಿಕೊಂಡೆ. "ಸಿಹಿ ಮೊದಲು ಬಂತೋ ಹುಳಿ ಮೊದಲು ಬಂತೋ?" ಎಂದು ಕೇಳಿದ. ಸಿಹಿ ಎಂದೆ. "ಸಿಪ್ಪಿ ಅಗಿ. ಈಗ?" ಸ್ವಲ್ಪ ಒಗರು ಎಂದೆ. ಇನ್ನೊಂದು ಸಾಲು, ಇನ್ನೊಂದು ಹಣ್ಣು. ನನ್ನ ಬಾಯಿಯನ್ನೇ ನೋಡುತ್ತಾ ನಿಂತಿರುತ್ತಿದ್ದ. ಹಿಂದಿನ ದಿನ ಸಂಜೆಯಿಂದ ಒಂದು ತೊಟ್ಟು ನೀರೂ ಕುಡಿಯದ ಮನುಷ್ಯನ ಮುಂದೆ ನಿಂತು ನಾನು ದ್ರಾಕ್ಷಿ ತಿನ್ನುತ್ತಿದ್ದೆ. ತುಟಿ ಒಡೆದು ಅವನ ಮಾತು ಗೊಗ್ಗರಾಗಿತ್ತು. ಯಜಮಾನನಿಗೆ ಮಾತ್ರ ಏನೂ ಆಗದವನಂತೆ, "ಇನ್ನೊಂದು ವಾರ ಬಿಡ್ರಿ, ಆಮ್ಯಾಲೆ ಕೊಯ್ರಿ," ಎಂದು ಹೇಳಿದ.

ಯಜಮಾನ ಅತ್ತ ಹೋದ ಕೂಡಲೇ ನನ್ನ ಸಿಟ್ಟು ಕಟ್ಟೆಯೊಡೆಯಿತು. ಮಟಮಟ ಮಧ್ಯಾಹ್ನ, ಚಪ್ಪರದ ನೆರಳಿನಲ್ಲಿ ಚಿಗಪ್ಪ ಕಲ್ಲುಕಂಬಕ್ಕೆ ಒರಗಿ ಕೂತಿದ್ದ. ನಾನು ಎದುರಿಗೆ ನಿಂತು ಕೂಗಾಡಿದೆ.

"ಒಂದು ಕಲ್ಲಿಗೋಸ್ಕರ ಸಾಯ್ತಿಯೇನು ಚಿಗಪ್ಪ? ಅಯ್ಯೋರ ಹತ್ರ ಹೋದ್ರೆ ಇನ್ನೊಂದು ಕೊಡ್ತಾರೆ. ಎಲ್ರೂ ತಗೊಂಡಿಲ್ವಾ? ನಿಂದೇನು ವಿಶೇಷ?"

"ಇನ್ನೊಂದು ಸಿಗತೈತಿ," ಎಂದ. "ಅದು ಸಿಗಂಗಿಲ್ಲ."

"ಯಾಕೆ?"

"ಅದು ನಂದಲ್ಲ. ನಿಮ್ಮ ಚಿಗವ್ವಂದು."

ನನಗೆ ಅರ್ಥವಾಗಲಿಲ್ಲ. ಚಿಗವ್ವನ ಲಿಂಗ ಚಿಗವ್ವನ ಕೈಯಲ್ಲಿ, ಮಣ್ಣಿನೊಳಗೆ ಇರಬೇಕಲ್ಲ. ಅವನು ನನ್ನನ್ನು ಕೂರಲು ಹೇಳಿ, ಕೆಳಗೆ ನೋಡುತ್ತಾ ಹೇಳಿದ.

"ಆಕಿ ಅಂಜುಬುರಕಿ, ನಿನಗ ಗೊತ್ತಲ್ಲ. ಕತ್ತಲಾದ ಮ್ಯಾಲೆ ಹಿತ್ತಲಕ್ಕ ಹೋದ್ರ ನಾನು ಬಾಗಿಲಾಗ ನಿಂತು ಕೆಮ್ಮತಾ ಇರಬೇಕು. ಕೆಮ್ಮು ನಿಂತ್ರ ಓಡಿ ಬರೋಳು. ಕಡೀ ದಿನದಾಗ ಅದನ್ನ ಅಂತಿದ್ಲು, ಒಬ್ಬಾಕಿನ ಹೆಂಗ ಹೋಗ್ಲಿ ಅಂತ. ಮಣ್ಣು ಮಾಡೋ ದಿನ ಗುಣಿಯಾಗ ನಾನ ಇಳಿದೆ. ಆಕಿ ಕೊರಳಾಗಿಂದು ಬಿಚ್ಚಿ ಕೈಯಾಗ ಇಡು ಅಂದ್ರು ಅಯ್ಯೋರು. ನನಗ ಆಗ ಏನು ತಿಳೀತೋ ಏನೋ. ಆಕಿದು ಬಿಚ್ಚಿ ಜೇಬಿಗೆ ಹಾಕ್ಕೊಂಡೆ. ನಂದು ಬಿಚ್ಚಿ ಆಕಿ ಕೈಯಾಗ ಇಟ್ಟೆ. ಮ್ಯಾಲೆ ನಿಂತೋರಿಗೆ ಕಾಣಲಿಲ್ಲ."

ಒಂದು ಒಣ ಎಲೆ ಎತ್ತಿ ಬೆರಳಲ್ಲಿ ಪುಡಿ ಮಾಡುತ್ತಾ ಮತ್ತೆ ಹೇಳಿದ. "ನಂದು ಆಕಿ ಜೋಡಿ ಹೋತು, ಆಕಿ ಒಬ್ಬಾಕಿನ ಆಗಲಿಲ್ಲ. ಆಕಿದು ನನ್ನ ಜೋಡಿ ಉಳೀತು, ನಾನೂ ಒಬ್ಬಾವ ಆಗಲಿಲ್ಲ. ಹಿಂಗ ಅಂದ್ಕೊಂಡು ದಿನ ತಳ್ಳಿದೆ. ಈಗ ನೋಡು."

ಲಿಂಗ ಅದಲುಬದಲು ಮಾಡುವುದನ್ನು ನಾನು ಕೇಳಿಯೇ ಇರಲಿಲ್ಲ. ಒಬ್ಬರ ಲಿಂಗವನ್ನು ಇನ್ನೊಬ್ಬರು ಮುಟ್ಟುವುದೂ ಇಲ್ಲ. ಅವನು ಎಂಥ ತಪ್ಪು ಮಾಡಿದ್ದನೆಂದರೆ, ಊರಿನವರಿಗೆ ತಿಳಿದರೆ ಹತ್ತಿರ ಸೇರಿಸುತ್ತಿರಲಿಲ್ಲ. ಅದು ಅವನಿಗೂ ಗೊತ್ತಿತ್ತು. ದಿನಾ ಬೆಳಿಗ್ಗೆ ಪೂಜೆ ಮಾಡುವಾಗ ಅವನು ಕೈಯಲ್ಲಿ ಹಿಡಿದು ಕೂರುತ್ತಿದ್ದದ್ದು ದೇವರನ್ನೋ ಹೆಂಡತಿಯನ್ನೋ ಎಂದು ಕೇಳಬೇಕೆನಿಸಿತು. ಕೇಳಲಿಲ್ಲ. ನನ್ನ ಸಿಟ್ಟೆಲ್ಲ ಎಲ್ಲಿಗೆ ಹೋಯಿತೋ.

ಅವನ ಭಯ ಇಷ್ಟು. ಹೊಸದು ಕಟ್ಟಿಸಿಕೊಂಡರೆ ಹಳೆಯದು ಬಿಟ್ಟುಕೊಟ್ಟಂತೆ. ನಾಳೆ ಅದು ಸಿಕ್ಕರೂ ಕೊರಳಿಗೆ ಹಾಕುವಂತಿಲ್ಲ. ಕಟ್ಟಿಸಿಕೊಳ್ಳದಿದ್ದರೆ ಉಣ್ಣುವಂತಿಲ್ಲ. ಉಣ್ಣದೆ ಹುಡುಕುತ್ತಲೇ ಇರುವುದು ಎಂದು ನಿರ್ಧರಿಸಿದ್ದ. ಎಷ್ಟು ದಿನ ಎಂದು ಅವನು ಯೋಚಿಸಿರಲಿಲ್ಲ.

ದೇಹ ಅದನ್ನು ತೀರ್ಮಾನಿಸಿತು. ಇಳಿಹೊತ್ತಿನಲ್ಲಿ ಇನ್ನೊಂದು ತೋಟಕ್ಕೆ ಹೊರಟಾಗ ಮುಂದೆ ಹೋಗುತ್ತಿದ್ದ ಅವನ ಸೈಕಲ್ಲು ವಾಲತೊಡಗಿತು. ನಾನು ಕೂಗುವಷ್ಟರಲ್ಲಿ ದಾರಿ ಬಿಟ್ಟು ಇಳಿದು ಜಾಲಿ ಗಿಡದ ಬುಡಕ್ಕೆ ಹೋಗಿ ಬಿತ್ತು. ಓಡಿಹೋಗಿ ತಲೆ ಎತ್ತಿ ತೊಡೆಯ ಮೇಲಿಟ್ಟುಕೊಂಡೆ. ಕಣ್ಣುಗುಡ್ಡೆಗಳು ಮೇಲೆ ಸಿಕ್ಕಿಕೊಂಡಿದ್ದವು. ಬಾಟಲಿಯ ನೀರು ಬಾಯಿಗೆ ಹಿಡಿದರೆ ಅಷ್ಟರಲ್ಲೂ ಹಲ್ಲು ಕಚ್ಚಿದ. ಆ ಹೊತ್ತಿಗೆ ಬಂದ ಟ್ರ್ಯಾಕ್ಟರಿನವರು ನಮ್ಮಿಬ್ಬರನ್ನೂ ಸೈಕಲ್ಲುಗಳನ್ನೂ ಟ್ರಾಲಿಗೆ ಹಾಕಿಕೊಂಡರು. ಆಸ್ಪತ್ರೆಗಾ ಎಂದು ಕೇಳಿದರು. ಆಸ್ಪತ್ರೆಯಲ್ಲಿ ಇವನು ಬಾಯಿ ಬಿಡುವುದಿಲ್ಲ, ಮೊದಲು ಮಠಕ್ಕೆ ಹೋಗೋಣ ಎಂದೆ. ಹತ್ತಿರದ ಊರಿನಲ್ಲಿ ಒಂದು ಸಣ್ಣ ಮಠವಿತ್ತು.

ಅಲ್ಲಿಯ ಅಯ್ಯನವರು ತೀರಾ ಮುದುಕರು. ಒದ್ದೆ ಬಟ್ಟೆಯಿಂದ ಚಿಗಪ್ಪನ ಮುಖ ಒರೆಸಿಸಿ, ಎಚ್ಚರವಾದ ಮೇಲೆ ನಮ್ಮನ್ನು ಬಿಟ್ಟು ಉಳಿದವರನ್ನೆಲ್ಲ ಹೊರಗೆ ಕಳಿಸಿದರು. ಚಿಗಪ್ಪ ಎಲ್ಲವನ್ನೂ ಹೇಳಿದ. ಗುಣಿಯ ವಿಷಯವನ್ನೂ ಬಿಡಲಿಲ್ಲ. ಅಯ್ಯನವರು ಬೈಯುತ್ತಾರೆಂದು ನಾನು ಗೋಡೆಗೆ ಅಂಟಿಕೊಂಡು ನಿಂತಿದ್ದೆ.

"ತಪ್ಪು ಮಾಡೀಯಪ," ಎಂದರು. "ಹಂಗಂತ ಸಾಯಬೇಕಂತ ಯಾರೂ ಹೇಳಿಲ್ಲ. ಹೊಸದು ಕಟ್ತೀನಿ, ತಗೋ."

"ಮುಂದ ಅದು ಸಿಕ್ರ ಏನು ಮಾಡ್ಲಿ ಅಯ್ಯೋರ?"

"ಎರಡು ಕಟ್ಟಿಕೊಳ್ಳಂಗಿಲ್ಲ. ಹೊಳಿಗೆ ಬಿಡಬೇಕು."

ಚಿಗಪ್ಪ ಬೇಡ ಎಂದು ತಲೆಯಾಡಿಸಿದ. ನಾನು ಅವನ ಕಾಲ ಹತ್ತಿರ ಕುಸಿದು ಕೂತೆ. ಯಾರ ಮುಂದೂ ಅಳಬಾರದೆಂದು ಗರ್ವ ಪಡುತ್ತಿದ್ದವಳು ಆ ಮಠದಲ್ಲಿ ಬಿಕ್ಕಿ ಬಿಕ್ಕಿ ಅತ್ತೆ. ತಗೋ ಚಿಗಪ್ಪ, ತಗೋ, ನಾನು ನಿನ್ನನ್ನು ಬಿಟ್ಟು ಒಬ್ಬಳೇ ಹೆಂಗೆ ಹೋಗಲಿ ಎಂದೆ. ಬೇಕೆಂದು ಆಡಿದ ಮಾತಲ್ಲ ಅದು. ಚಿಗಪ್ಪ ನನ್ನ ಮುಖವನ್ನು ಬಹಳ ಹೊತ್ತು ನೋಡಿದ. ಆಮೇಲೆ ಎದ್ದು ಕೂತು, ಎಡಗೈ ಚಾಚಿದ.

ಪೂಜೆಯಾದ ಮೇಲೆ ಅಯ್ಯನವರ ಮನೆಯವರು ಹಾಲನ್ನ ಕಲಸಿ ಕೊಟ್ಟರು. ಅವನು ಉಂಡ. ಉಣ್ಣುತ್ತಾ ಅತ್ತ. ಮರುದಿನ ಬಸ್ಸಿನ ಮೇಲೆ ಎರಡೂ ಸೈಕಲ್ ಕಟ್ಟಿಸಿ ಕೊಟ್ಟೂರಿಗೆ ಬಂದೆವು. ಹಡಗಲಿ ಸೀಮೆಯ ತೋಟಗಳಿಗೆ ಆ ವರ್ಷ ಅವನು ಹೋಗಲಿಲ್ಲ.

ಬೇಸಿಗೆಯಲ್ಲಿ, ಹಣ್ಣೆಲ್ಲ ಹೋದ ಮೇಲೆ, ದ್ರಾಕ್ಷಿ ಬಳ್ಳಿಗಳಿಗೆ ಕತ್ತರಿ ಹಾಕುತ್ತಾರೆ. ಕತ್ತರಿಸಿದ ಕಡ್ಡಿ, ಒಣಗಿದ ಎಲೆ ಎಲ್ಲವನ್ನೂ ಬಳಿದು ರಾಶಿ ಹಾಕಿ ಸುಡುತ್ತಾರೆ. ನಾವು ಆ ಸಂಜೆ ಹುಡುಕಿದ್ದ ತೋಟದಲ್ಲೇ, ಅಂಥ ರಾಶಿಗೆ ಬೆಂಕಿ ಇಡುವ ಮುಂಚೆ, ಆ ಅಕ್ಕನ ಕೈಗೆ ಮಣ್ಣು ಮೆತ್ತಿದ ಒಂದು ಬಟ್ಟೆಯ ಗಂಟು ಸಿಕ್ಕಿತು. ಆಕೆ ಅದನ್ನು ಬಿಚ್ಚದೆ, ಹಿತ್ತಾಳೆ ಚೊಂಬಿನಲ್ಲಿಟ್ಟುಕೊಂಡು, ಬಸ್ಸಿನಲ್ಲಿ ಕೊಟ್ಟೂರಿಗೆ ತಂದು ಕೊಟ್ಟಳು. ದೇವರು ದೊಡ್ಡವನು ನೋಡ್ರಿ ಎಂದು ಸಂತೋಷದಿಂದ ಹೇಳಿ, ಚಹಾ ಕುಡಿದು ಹೋದಳಂತೆ. ಅವಳಿಗೆ ಪಾಪ, ಏನು ಗೊತ್ತು.

ಅಪ್ಪನಿಗೆ ಫೋನ್ ಮಾಡಿ ನನ್ನನ್ನು ಕಳಿಸಲು ಚಿಗಪ್ಪ ಹೇಳಿದ. ನಾನು ಹೋದಾಗ ಅದು ದೇವರ ಗೂಡಿನಲ್ಲಿ ಹೊಸ ಬಿಳಿ ಬಟ್ಟೆಯಲ್ಲಿತ್ತು. ಸಿಕ್ಕಿ ಎಷ್ಟೋ ದಿನಗಳಾಗಿದ್ದರೂ ಹೊಳೆಗೆ ಹೋಗಿರಲಿಲ್ಲ. ಮನೆಯಲ್ಲೇ ಇಟ್ಟುಕೋ, ಯಾರು ಕೇಳುತ್ತಾರೆ ಎಂದೆ. "ಅಯ್ಯೋರ ಮುಂದ ಕೈ ಒಡ್ಡೀನಿ. ಎರಡೆರಡು ಮೋಸ ಆಗತೈತಿ," ಎಂದ. ನಸುಕಿನಲ್ಲೇ ಸೈಕಲ್ ತುಳಿದು ಹೊರಟೆವು. ದಾರಿಯುದ್ದಕ್ಕೂ ಚಪ್ಪರಗಳು ಬೋಳಾಗಿದ್ದವು. ಬರೀ ಕಂಬ, ತಂತಿ, ಕತ್ತರಿಸಿದ ಬಳ್ಳಿಯ ಮೋಟು. ಚಿಗಪ್ಪ ಆ ಕಡೆ ತಿರುಗಿಯೂ ನೋಡಲಿಲ್ಲ.

ಹಂಪಸಾಗರದ ಹತ್ತಿರ ಬೇಸಿಗೆಯಲ್ಲಿ ಹೊಳೆಗೆ ಕಟ್ಟಿದ ಡ್ಯಾಮಿನ ಹಿನ್ನೀರು ಬಹಳ ಹಿಂದೆ ಸರಿದಿರುತ್ತದೆ. ಸೈಕಲ್ಲುಗಳನ್ನು ದಡದಲ್ಲಿ ಬಿಟ್ಟು ಬಿರುಕು ಬಿಟ್ಟ ಕರಿಮಣ್ಣಿನ ಮೇಲೆ ನಡೆದೆವು. ಎಷ್ಟು ನಡೆದರೂ ನೀರು ಹತ್ತಿರವಾಗದಂತೆ ಕಾಣುತ್ತಿತ್ತು. ಅದು ಹಾಗೇ ದೂರ ಇರಲಿ ಎಂದು ನಾನು ಮನಸ್ಸಿನಲ್ಲೇ ಬೇಡಿಕೊಳ್ಳುತ್ತಿದ್ದೆ.

ಅವನು ನೀರಿಗಿಳಿದ. ಸೊಂಟದ ತನಕ ನೀರು ಬಂದಾಗ ನಿಂತು, ಬಟ್ಟೆ ಬಿಚ್ಚಿ, ಲಿಂಗವನ್ನು ಎಡಗೈಯಲ್ಲಿಟ್ಟು ನೀರೆರೆದ. ವಿಭೂತಿ ಹಚ್ಚಿದ. ಒಂದು ಪತ್ರಿ ಇಟ್ಟ. ಆಮೇಲೆ ಕೈ ಮುಚ್ಚಿ, ಮುಷ್ಟಿಯನ್ನು ನೀರೊಳಗೆ ಇಳಿಸಿದ. ಪತ್ರಿ ಮಾತ್ರ ತೇಲಿ ಬಂತು. ಮುಷ್ಟಿ ಒಳಗೇ ಇತ್ತು.

"ಬಿಡು ಚಿಗಪ್ಪ," ಎಂದೆ ದಡದಿಂದ.

"ಬಿಡ್ತೀನಿ," ಎಂದ. ಬಿಡಲಿಲ್ಲ. ಬಿಸಿಲು ಏರುತ್ತಿತ್ತು. ಅವನ ಬೆನ್ನು ನನ್ನ ಕಡೆಗಿತ್ತು.

"ಬೆರಳು ಬಿಚ್ಚವಲ್ವು ಯವ್ವಾ," ಎಂದ. "ಆವತ್ತು ಆಕಿ ಬೆರಳು ನಾನ ಮಡಚಿದ್ದೆ. ಇವನ್ನ ಯಾರರ ಬಿಚ್ಚಬೇಕು."

ನಾನು ಚಪ್ಪಲಿ ಬಿಟ್ಟು ನೀರಿಗಿಳಿದೆ. ಅವನ ಮುಷ್ಟಿಯನ್ನು ನೀರೊಳಗೇ ಹಿಡಿದುಕೊಂಡೆ. ತಣ್ಣಗಿತ್ತು, ಕಲ್ಲಿನಂತೆ ಬಿಗಿದಿತ್ತು. ಕಿರುಬೆರಳು ಮೊದಲು ಬಂತು. ಉಳಿದವು ಒಂದೊಂದಾಗಿ ಬಂದವು. ಹೆಬ್ಬೆರಳಿಗೆ ನಾನು ಬಲ ಹಾಕಬೇಕಾಯಿತು. ಅಂಗೈ ತೆರೆದ ಮೇಲೂ ಅದು ಅಲ್ಲೇ ಕೂತಿತ್ತು. ಅವನು ಕಣ್ಣು ಮುಚ್ಚಿಕೊಂಡ. ನಾನೇ ಅವನ ಕೈಯನ್ನು ಹೊರಳಿಸಿದೆ.